ಒಂದು ಕೂಗಿಗೆ ಹೋದ ಹಾಡು

ನಾಟಕ ಕೆಡಿಸಿದ್ದು ನಾನು. ಅವ್ವನಿಂದಲೇ ನಾಟಕ ಗೆದ್ದಿತು ಎಂದು ಮಗಳು ಮಾಯವ್ವ ಊರಿಗೆಲ್ಲ ಫೋನು ಮಾಡಿ ಹೇಳಿದ್ದಾಳೆ. ಅದು ಸುಳ್ಳು.

ನಮ್ಮೂರು ಮೇಲವಂಕಿ ಬಿಟ್ಟು ಪುಣೆಗೆ ಬಂದು ಮೂರು ವರ್ಷವಾಯಿತು. ಮಾಯವ್ವ ಇಲ್ಲಿ ನರ್ಸು. ಮನೆ ಆರನೇ ಮಹಡಿಯಲ್ಲಿ. ಇಲ್ಲಿಯವರು ಚಪಾತಿಗೆ ಪೋಳಿ ಎನ್ನುತ್ತಾರೆ. ಬಂದ ವಾರ ಬಾಜೂ ಮನೆಯಾಕೆ ಪೋಳಿ ಕೊಡುತ್ತೇನೆ ಎಂದಾಗ ಹೋಳಿಗೆಯೆಂದು ತುಪ್ಪ ಕಾಸಿಕೊಂಡು ಕುಳಿತಿದ್ದೆ. ಆಯಿ ಎಂದರೆ ನಮ್ಮಲ್ಲಿ ಅಜ್ಜಿ, ಇಲ್ಲಿ ತಾಯಿ. ಮೊಮ್ಮಗಳು ರೇಣಿ ಬೀದಿಯಲ್ಲಿ ಹಾಗೆ ಕರೆದರೆ ಜನ ನನ್ನ ನರೆಗೂದಲನ್ನೇ ನೋಡುತ್ತಾರೆ.

ರೇಣಿಗೆ ನಾಟಕದ ಹುಚ್ಚು. ಅವಳೂ ಏಳು ಮಂದಿ ಗೆಳೆಯರೂ ತಾವೇ ಬರೆದು ಹಾಡು ಕಟ್ಟಿದ ಮರಾಠಿ ನಗೆನಾಟಕ ಅದು. ದಾರಿ ತಪ್ಪಿದ ಕುರಿಗಳು ಫ್ಲೈಓವರ್ ಹತ್ತಿ ಕೂರುವ ಕಥೆ. ಆಡಿದ್ದು ಹಳೆಯ ಗೋದಾಮಿನಲ್ಲಿ. ದೊಡ್ಡ ರಂಗಮಂದಿರ ಸಿಗದವರು ಸೇರಿ ಮಾಡುವ ಈ ನಾಟಕದ ಹಬ್ಬಕ್ಕೆ ಫ್ರಿಂಜ್, ಎಂದರೆ ಅಂಚು, ಎನ್ನುತ್ತಾರಂತೆ.

“ಕಂಬಳಿ ಅಂಚಿಗೆ ನೂಲು ಜೋತಾಡ್ತಾವಲ್ಲ ಆಯಿ, ಹಂಗ ನಾವು,” ಎಂದಳು.

“ಅವನ್ನ ಗಂಟ ಹಾಕದಿದ್ರ ಕಂಬಳಿನ ಬಿಚ್ಚತೈತಿ,” ಎಂದೆ.

ಕೊನೆಯ ಹಾಡು ಅವಳೊಬ್ಬಳದೇ. ಆರು ತಿಂಗಳು ಬಚ್ಚಲ ಬಾಗಿಲು ಹಾಕಿಕೊಂಡು ಕಲಿತಳು. ನಾನು ಕೇಳಿದರೂ ಹಾಡಿ ತೋರಿಸಲಿಲ್ಲ. “ಅಲ್ಲೇ ಕೇಳು, ಮುಂದಿನ ಸಾಲಾಗ ಕೂತು.”

ಏಳು ಮಂದಿ ಮಂಡಿಯೂರಿ ಕುರಿಗಳಾಗಿ ಹಾಡುತ್ತ ಬಂದರು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕುರಿ ಕಾಯುವವಳಾದ ರೇಣಿ ಅವನ್ನು ನೀರಿಗೆ ಕರೆಯಬೇಕು. ಕರೆದದ್ದು “ಹುರ್ರ್ ಹಚ್ಯಾ!” ಅದು ಕುರಿ ಸಾಕಿದ ನಮ್ಮ ಮನೆಯಲ್ಲಿ ಬೆಳೆಗೆ ನುಗ್ಗಿದ ಕುರಿ ಅಟ್ಟುವ ಕೂಗು. ನೀರಿಗೆ ಕರೆಯುವ ಕೂಗೇ ಬೇರೆ. ನಮ್ಮೂರ ಕಡೆ ಅಂಕಲಗಿಯಲ್ಲಿ ನಾಟಕವಾದರೆ ತಪ್ಪಿದ ಮಾತನ್ನು ಕೂತವರೇ ತಿದ್ದುತ್ತಾರೆ, ಚೆಂದದ ಹಾಡನ್ನು ಮತ್ತೆ ಹಾಡಿಸುತ್ತಾರೆ. ತಡವಾಯಿತೆಂದು ಯಾರೂ ಗಡಿಯಾರ ನೋಡುವುದಿಲ್ಲ. ನಾನು ಎದ್ದು ನಿಂತೆ.

“ಏ ಹುಡುಗಿ, ಯಾಕ ಓಡಸಾಕತ್ತಿ ಅವನ್ನ? ಹಿಂಗ ಕರಿ!” ಎಂದು ಹಿಂಡು ಕರೆದಂತೆಯೇ ಕೂಗಿದೆ.

ಕುರಿಗಳಾದವರೆಲ್ಲ ರಂಗದಿಂದ ಇಳಿದು ನನ್ನ ಕಾಲ ಹತ್ತಿರ ಬಂದರು. ಒಬ್ಬ ನನ್ನ ಸೆರಗನ್ನೇ ಮೇಯತೊಡಗಿದ. ಇದೂ ನಾಟಕವೇ ಎಂದು ಜನ ಎದ್ದು ಚಪ್ಪಾಳೆ ತಟ್ಟಿದರು. ಆ ಗದ್ದಲ ಮುಗಿಯುವಷ್ಟರಲ್ಲಿ ದೀಪ ಆರಿಸಿಬಿಟ್ಟರು. ಅಲ್ಲಿ ಒಂದು ತಂಡಕ್ಕೆ ಒಂದೇ ತಾಸು. ಮುಂದಿನವರು ಸಾಮಾನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ರೇಣಿಯ ಹಾಡು ಉಳಿದೇ ಹೋಯಿತು. ಹಬ್ಬದಲ್ಲಿ ಅವಳ ತಂಡಕ್ಕೆ ಸಿಕ್ಕಿದ್ದು ಅದೊಂದೇ ಆಟ.

ರಿಕ್ಷಾದಲ್ಲಿ ಅವಳ ಪಕ್ಕ ಕೂತೆ.

“ಬೈಯೂದಿದ್ರ ಬೈ,” ಎಂದೆ.

“ಮಂದಿಗೆ ಖುಷಿ ಆತು, ಬಿಡು ಆಯಿ.”

“ನಿನಗ?”

ರಿಕ್ಷಾದವನಿಗೆ ಮನೆಯ ದಾರಿ ಹೇಳತೊಡಗಿದಳು.

ಊರಿನ ರೂಢಿ ಇಲ್ಲಿ ತಪ್ಪು. ಇಲ್ಲಿಯದು ಅಲ್ಲಿ ನಡೆಯುವುದಿಲ್ಲ. ಹೋದ ಸಲ ಊರಿಗೆ ಹೋದಾಗ ಪೋಳಿ ಮಾಡುತ್ತೇನೆ ಎಂದು ಬಾಯಿತಪ್ಪಿ ಹೇಳಿ, ಬರೀ ಚಪಾತಿ ಬಡಿಸಿ ತಂಗಿಯಿಂದ ಬೈಸಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ರೇಣಿಯನ್ನು ಎಬ್ಬಿಸಿ ಟೆರೇಸಿಗೆ ಕರೆದುಕೊಂಡು ಹೋದೆ. ನೀರಿನ ಟಾಕಿಗೆ ಒರಗಿ ಕೂತು “ಹಾಡು” ಎಂದೆ. ಸಿಟ್ಟಿನಲ್ಲೇ ಶುರು ಮಾಡಿದಳು. ಹಾಡಿನ ನಡುವೆಯೂ ಕುರಿಗಳನ್ನು ನೀರಿಗೆ ಕರೆಯುವ ಕೂಗು ಬಂತು. ಮತ್ತೆ ಅದೇ ತಪ್ಪು. ನಾನು ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಹಾಡನ್ನು ಕೊನೆಯವರೆಗೂ ಕೇಳಿದೆ.