ಶುಕ್ರವಾರದ ಕಮಾಂಡು

ಮದ್ದೂರಿನ ಪೇಟೆ ಬೀದಿಯ ಒಂದು ಓಣಿಯಲ್ಲಿ ಕೆಂಪರಾಜುವಿನ ಸ್ಟುಡಿಯೋ ಇದೆ. ಈಗಲೂ ಬೆಳಿಗ್ಗೆ ಬಾಗಿಲು ತೆಗೆಯುತ್ತಾನೆ, ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಡುತ್ತಾನೆ. ಮದುವೆಗಳನ್ನು ಒಪ್ಪಿಕೊಳ್ಳುವುದನ್ನು ಮಾತ್ರ ಬಿಟ್ಟು ಎಂಟು ತಿಂಗಳಾಯಿತು. ಯಾಕೆ ಬಿಟ್ಟೆ ಎಂದವರಿಗೆ ಸೊಂಟ ನೋವು ಎನ್ನುತ್ತಾನೆ. ಅವನ ಸೊಂಟ ಗಟ್ಟಿಯಾಗಿಯೇ ಇದೆ. ನಿಜವಾದ ಕಾರಣ ಗೊತ್ತಿರುವುದು ಇಬ್ಬರಿಗೆ, ಅವನಿಗೆ ಮತ್ತು ನನಗೆ.

ನಾನು ಕೃಷ್ಣಪ್ರಸಾದ್. ಮಂಡ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಸಂಜೆ ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲೇ ಅವನ ಸ್ಟುಡಿಯೋ ಸಿಗುತ್ತದೆ. ಹತ್ತು ವರ್ಷದಿಂದ ಅಲ್ಲಿ ಟೀ ಕುಡಿದಿದ್ದೇನೆ, ಪುಕ್ಕಟೆ ಉಪದೇಶ ಕೊಟ್ಟಿದ್ದೇನೆ. ಟೀ ಅವನದು, ಉಪದೇಶ ನನ್ನದು.

ಕೆಂಪರಾಜು ಬೆಳಕವಾಡಿಯವನು. ಮಳವಳ್ಳಿಯ ಸ್ಟುಡಿಯೋ ಒಂದರಲ್ಲಿ ಮದುವೆಗಳಿಗೆ ಲೈಟು ಹಿಡಿಯುತ್ತಾ ಕ್ಯಾಮೆರಾ ಕಲಿತ. ಓದು ಏಳನೇ ತರಗತಿಗೆ ನಿಂತಿತ್ತು, ಆದರೆ ಕೆಲಸದಲ್ಲಿ ಅವನಿಗೊಂದು ಹಟವಿತ್ತು. ನಮ್ಮ ಕಡೆ ಹೆಣ್ಣೊಪ್ಪಿಸುವ ಶಾಸ್ತ್ರವೆಂದರೆ ಇಡೀ ಮಂಟಪವೇ ಅಳುತ್ತದೆ. ತಾಯಿ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು ಏನೇನೋ ಹೇಳುತ್ತಾಳೆ, ಮಗಳು ಏನೋ ಹೇಳುತ್ತಾಳೆ. ವಿಡಿಯೋ ಮಾಡುವವರೆಲ್ಲ ಅಲ್ಲಿಗೆ ಬಂದ ಕೂಡಲೇ ಆ ಮಾತನ್ನೆಲ್ಲ ತೆಗೆದು ಒಂದು ಸಿನಿಮಾ ಹಾಡು ತುಂಬುತ್ತಾರೆ. ಜನರಿಗೂ ಅದೇ ಬೇಕು. ಕೆಂಪರಾಜುವೂ ಹಾಡು ಹಾಕಿಯೇ ಕೊಡುತ್ತಿದ್ದ. ಆದರೆ ಹಾಡಿಲ್ಲದ ಮೂಲ ರೆಕಾರ್ಡಿಂಗನ್ನು ಅಳಿಸುತ್ತಿರಲಿಲ್ಲ.

"ಆಡು ಆಕ್ಬುಟ್ರೆ ಮಾತು ಸತ್ತೋಯ್ತದೆ ಮೇಷ್ಟ್ರೆ. ಅದ್ಕೇ ಒರಿಜಿನಲ್ಲು ಮಡಗಿವ್ನಿ. ಇವತ್ತಲ್ಲ ನಾಳೆ ಯಾರಾರ ಕೇಳ್ಕಂಡು ಬತ್ತಾರೆ," ಎನ್ನುತ್ತಿದ್ದ.

ಬಂದೂ ಬರುತ್ತಿದ್ದರು. ಒಮ್ಮೆ ಕಿರುಗಾವಲಿನಿಂದ ಪುಟ್ಟರಾಜು ಎಂಬುವವರು ಬಂದರು. ತೀರಿಕೊಂಡ ಅಪ್ಪನ ಧ್ವನಿ ಬೇಕಿತ್ತು. ಸಿಕ್ಕಿದ್ದು ಅಪ್ಪ ಅಡಿಗೆಯವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ತುಣುಕು. ಐವತ್ತು ದಾಟಿದ ಆ ಮನುಷ್ಯ ಅದನ್ನು ನಾಲ್ಕು ಸಲ ಹಾಕಿಸಿಕೊಂಡು, ನಕ್ಕು, ಕಣ್ಣೊರೆಸಿಕೊಂಡು ಹೋದರು.

ಇದೆಲ್ಲ ಇದ್ದದ್ದು ಏಳು ಹಾರ್ಡ್ ಡಿಸ್ಕುಗಳಲ್ಲಿ. ಪ್ರತಿಯೊಂದರ ಬೆನ್ನಿಗೂ ಬಿಳಿ ಪಟ್ಟಿ ಅಂಟಿಸಿ ಇಸವಿ ಬರೆದು, ಗೋಡೆ ಗೂಡಿನಲ್ಲಿ ದೇವರ ಪಟದ ಕೆಳಗೆ ಸಾಲಾಗಿ ಇಟ್ಟಿದ್ದ. ಎಲ್ಲವೂ ಅವನ ಹಳೇ ಕಂಪ್ಯೂಟರಿನ ಕಾಲದಲ್ಲಿ ವಿಂಡೋಸ್ ರೀತಿಯಲ್ಲಿ ಫಾರ್ಮ್ಯಾಟ್ ಆದಂಥವು. ಊರಿನವರೆಲ್ಲ ತಂದು ಚುಚ್ಚಿದ ಪೆನ್‌ಡ್ರೈವುಗಳ ವೈರಸ್ ಸೇರಿ ಆ ಕಂಪ್ಯೂಟರು ಕೆಟ್ಟು ಕೂತಾಗ ನಾನು ದೊಡ್ಡ ಮನುಷ್ಯನ ಹಾಗೆ ಮುಂದೆ ಬಂದೆ. ವಿಂಡೋಸ್ ತೆಗೆದು ಅದರ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಕೊಟ್ಟೆ. ಆವತ್ತು ನಾನು ಮಾಡಿದ ಭಾಷಣ ನೆನೆದರೆ ಈಗ ಮೈ ಉರಿಯುತ್ತದೆ. ಇನ್ನು ಮೇಲೆ ವೈರಸ್ಸಿಲ್ಲ, ವಿಂಡೋಸಿನ ಮುಖ ನೋಡುವ ಅಗತ್ಯವೇ ಇಲ್ಲ, ಜನ್ಮದಲ್ಲಿ ಇಲ್ಲ, ಎಂದು ಮೇಜು ಕುಟ್ಟಿ ಹೇಳಿದ್ದೆ.

ಎರಡು ವಾರ ಕಳೆದಿರಲಿಲ್ಲ, ಕೆಲಸದ ಮಧ್ಯೆ ಕರೆಂಟು ಹೋಯಿತು. ಮತ್ತೆ ಹಾಕಿದಾಗ ಡಿಸ್ಕು ತೆರೆದುಕೊಂಡಿತು, ಆದರೆ ಹೊಸದಾಗಿ ಏನನ್ನೂ ಬರೆಯಲು ಬಿಡಲಿಲ್ಲ. ಕೆಂಪರಾಜು ಗಾಬರಿಯಾಗಿ ಕರೆದ. ನಾನು ಹೋಗಿ ಕೀಬೋರ್ಡಿನಲ್ಲಿ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಒಂದು ಸಾಲಿನ ಕಮಾಂಡು ಹೊಡೆದೆ. ಡಿಸ್ಕು ಸರಿಯಾಯಿತು. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತ. ಆ ನೋಟ ನನಗೆ ಬಹಳ ಹಿಡಿಸಿತು. ಆ ಸಾಲನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದೆ.

"ಡಿಸ್ಕು ತಕರಾರು ಮಾಡಿದರೆ ಇದನ್ನು ಹೊಡೀರಿ ಕೆಂಪರಾಜು, ಸರಿಹೋಗುತ್ತೆ," ಎಂದೆ.

ಹೇಳಿದ್ದು ಅಷ್ಟೇ. ಹೇಳಬೇಕಾಗಿದ್ದು ಇನ್ನೂ ಒಂದು ಮಾತಿತ್ತು. ಆ ಕಮಾಂಡು ಡಿಸ್ಕನ್ನು ಪೂರ್ತಿ ರಿಪೇರಿ ಮಾಡುವುದಿಲ್ಲ. ಈ ಡಿಸ್ಕನ್ನು ಸರಿಯಾಗಿ ಮುಚ್ಚಿಲ್ಲ ಎಂದು ಅದರ ಮೇಲೆ ಬಿದ್ದಿರುವ ಗುರುತನ್ನು ಅಳಿಸಿ, ತತ್ಕಾಲಕ್ಕೆ ಬರೆಯಲು ಬಿಡುವಂತೆ ಮಾಡುತ್ತದೆ. ಜ್ವರ ಬಂದ ಮಗುವಿನ ಹಣೆ ಒರೆಸಿ ಶಾಲೆಗೆ ಕಳಿಸಿದ ಹಾಗೆ. ಆಮೇಲೆ ಆ ಡಿಸ್ಕನ್ನು ವಿಂಡೋಸ್ ಇರುವ ಕಂಪ್ಯೂಟರಿಗೆ ಒಯ್ದು ಪೂರ್ತಿ ತಪಾಸಣೆ ಮಾಡಿಸಲೇಬೇಕು, ಇಲ್ಲದಿದ್ದರೆ ಒಳಗಿನ ಹುಳುಕು ಬೆಳೆಯುತ್ತಲೇ ಹೋಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ವಿಂಡೋಸಿನ ಮುಖವನ್ನೇ ನೋಡಬೇಕಿಲ್ಲ ಎಂದು ಮೇಜು ಕುಟ್ಟಿದವನು ಎರಡೇ ವಾರಕ್ಕೆ ಯಾವ ಬಾಯಲ್ಲಿ ಅದನ್ನು ಹೇಳಲಿ? ಮುಂದೆ ಯಾವಾಗಲಾದರೂ ಹೇಳಿದರಾಯಿತು ಎಂದುಕೊಂಡೆ.

ಕೆಂಪರಾಜು ಆ ಚೀಟಿಯನ್ನು ನನಗಿಂತ ಹೆಚ್ಚು ನಂಬಿದ. ಒಂದು ಶುಕ್ರವಾರ ಹೋದಾಗ ನೋಡುತ್ತೇನೆ, ದೇವರ ಪಟಕ್ಕೆ ಹೂವಿಟ್ಟು ಊದುಬತ್ತಿ ಹಚ್ಚಿ, ಏಳೂ ಡಿಸ್ಕುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ, ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತುತ್ತಿದ್ದಾನೆ. ಚೀಟಿಗೆ ಅರಿಶಿನ ಕುಂಕುಮ.

"ಇದೇನ್ರೀ ಇದು? ಕೆಡದೇ ಇರೋ ಡಿಸ್ಕಿಗೂ ಯಾಕೆ?" ಎಂದೆ.

"ಇರ್ಲಿ ಬುಡಿ ಮೇಷ್ಟ್ರೆ. ವಾರಕ್ಕೊಂದ್ಸಲ ಮಕ್ಳಿಗೆ ದುಷ್ಟಿ ತೆಗೀತೀವಲ್ಲ, ಅಂಗೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದೆ. ಬಾಕಿ ಉಳಿದಿದ್ದ ಮಾತನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಹೇಳಲಿಲ್ಲ. ಹೀಗೆ ಮೂರು ವರ್ಷ, ವಾರವಾರವೂ ಅವನು ಹಣೆ ಒರೆಸುತ್ತಾ ಹೋದ.

ಕಳೆದ ವರ್ಷ ವೈದ್ಯನಾಥಪುರದ ಯಶೋದಮ್ಮ ಬಂದರು, ಕಂಕುಳಲ್ಲಿ ಮೊಮ್ಮಗಳು. ಅವರ ಮಗಳು ಗಗನಳ ಮದುವೆಯನ್ನು ಕೆಂಪರಾಜುವೇ ತೆಗೆದಿದ್ದ. ಹೆರಿಗೆಯಾದ ಹನ್ನೆರಡನೇ ದಿನ ಗಗನ ತೀರಿಕೊಂಡಿದ್ದಳು. ಅವಳ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಅಳಿಯ ಅದನ್ನು ತನ್ನ ತಂಗಿಗೆ ಕೊಟ್ಟುಬಿಟ್ಟಿದ್ದ. ಯಶೋದಮ್ಮನ ಹತ್ತಿರ ಉಳಿದದ್ದು ಮದುವೆಯ ಪೆನ್‌ಡ್ರೈವ್ ಒಂದೇ. ಅದರಲ್ಲಿ ಮಗಳ ತುಟಿ ಅಲುಗುತ್ತಿತ್ತು, ಕೇಳುತ್ತಿದ್ದುದು ಸಿನಿಮಾ ಹಾಡು.

"ನನ್ ಕೈ ಇಡ್ಕಂಡು ಏನೋ ಅಂದ್ಲು ಕನಪ್ಪ ಅವತ್ತು. ಅಳೋ ಬರದಲ್ಲಿ ನಂಗೆ ಗ್ಯಾನವೇ ಇಲ್ಲ," ಎಂದರು ಯಶೋದಮ್ಮ. "ಈ ಕೂಸು ದೊಡ್ಡುದಾಗಿ ನಮ್ಮವ್ವ ಎಂಗ್ ಮಾತಾಡೋಳು ಅಂತ ಕೇಳಿದ್ರೆ ನಾನು ಏನ್ ತೋರುಸ್ಲಿ?"

ಕೆಂಪರಾಜುವಿನ ಮುಖ ಅರಳಿತಂತೆ. ಇದೇ ದಿನಕ್ಕಲ್ಲವೇ ಅವನು ಅದನ್ನೆಲ್ಲ ಕಾದಿಟ್ಟಿದ್ದು? "ಅದೆ ಕನಕ್ಕ, ನಂತಾವ ಅದೆ," ಎಂದು ಆ ವರ್ಷದ ಡಿಸ್ಕು ಹಾಕಿದ. ಹೆಸರುಗಳ ಪಟ್ಟಿ ಬಂತು. ಗಗನಳ ಹೆಸರನ್ನು ಒತ್ತಿದ, ತೆರೆಯಲಿಲ್ಲ. ಚೀಟಿ ನೋಡಿ ಕಮಾಂಡು ಹೊಡೆದ. ಮತ್ತೆ ಹೊಡೆದ. ಈ ಸಲ ಪಟ್ಟಿಯೂ ಬರಲಿಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದು ಅವರನ್ನು ಕಳಿಸಿ ನನಗೆ ಫೋನು ಮಾಡಿದ.

ನಾನು ಡಿಸ್ಕನ್ನು ಮಂಡ್ಯಕ್ಕೆ ಒಯ್ದೆ. ಕಾಲೇಜಿನ ಲ್ಯಾಬಿನಲ್ಲಿ ವಿಂಡೋಸ್ ಇರುವ ಕಂಪ್ಯೂಟರಿಗೆ ಹಾಕಿ ತಪಾಸಣೆಗೆ ಕೂರಿಸಿದೆ. ಮೊದಲು ಅದರ ಪೂರ್ತಿ ನಕಲು ತೆಗೆದಿಟ್ಟುಕೊಳ್ಳಬೇಕು ಎಂದು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುವವನು ನಾನೇ. ಆತುರಕ್ಕೆ ಅದನ್ನೂ ಮಾಡಲಿಲ್ಲ. ಎರಡು ಗಂಟೆ ಓಡಿ, ದೋಷ ಸರಿಪಡಿಸಲಾಗಿದೆ ಎಂದು ಬಂತು. ತೆರೆದರೆ ಆ ವರ್ಷದ ಮದುವೆಗಳ ಹೆಸರುಗಳೇ ಇಲ್ಲ. ಅವುಗಳ ಜಾಗದಲ್ಲಿ ಹೆಸರಿಲ್ಲದ ನೂರಾರು ಚೂರು. ಸಂಜೆಯವರೆಗೂ ಒಂದೊಂದನ್ನೇ ತೆರೆದು ನೋಡಿದೆ. ಗಗನಳ ಮದುವೆಯದ್ದು ಎನ್ನುವಂಥದ್ದು ಒಂದೇ ಒಂದು ಸಿಕ್ಕಿತು, ಊಟದ ಪಂಕ್ತಿಯದು.

ಹಿಂದಿರುಗಿ ಬಂದು ಕೆಂಪರಾಜುವಿಗೆ ಎಲ್ಲವನ್ನೂ ಹೇಳಿದೆ. ಪ್ರತಿ ಸಲ ಕಮಾಂಡು ಹೊಡೆದ ಮೇಲೆ ವಿಂಡೋಸಿನಲ್ಲಿ ತಪಾಸಣೆ ಆಗಬೇಕಿತ್ತು ಎಂಬುದನ್ನೂ ಹೇಳಿದೆ. ಅವನು ಗೂಡಿನ ಕಡೆ ತಿರುಗಿದ.

"ಮಿಕ್ಕ ಆರು?"

"ನೋಡಬೇಕು. ಇನ್ನು ಕೈ ಹಚ್ಚಬೇಡಿ."

ಮಾನಿಟರಿನ ಅಂಚಿನ ಚೀಟಿಯನ್ನು ನೋಡಿದ. ಆಮೇಲೆ ಕೇಳಿದ, "ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ ಮೇಷ್ಟ್ರೆ?"

"ಗೊತ್ತಿತ್ತು," ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ಅವನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಯಶೋದಮ್ಮ ಹೇಳಿದ ದಿನ ಹೇಳಿದ ಹೊತ್ತಿಗೆ ಬಂದರು. ಮಗುವಿಗೆ ಹೊಸ ಅಂಗಿ ಹಾಕಿದ್ದರು, ಅಮ್ಮನ ಧ್ವನಿ ಕೇಳಿಸಲೆಂದು. ನಾನೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಕೆಂಪರಾಜು ಆ ಒಂದು ಚೂರನ್ನು ಹಾಕಿದ. ಎಲೆಗಳ ಸಾಲು, ಬಡಿಸುವವರ ಕಾಲುಗಳು, ಗದ್ದಲ. ಅದರ ನಡುವೆ ಒಂದು ಹೆಣ್ಣು ಧ್ವನಿ ಗಟ್ಟಿಯಾಗಿ, "ಲೋ, ಆ ಕೊನೆ ಎಲೆಗೆ ಪಾಯ್ಸ ಬುಡ್ರೋ," ಎಂದು ಕೂಗಿತು. ಮಗು ಚಪ್ಪಾಳೆ ತಟ್ಟಿ ಅಜ್ಜಿಯ ಬಾಯಿ ಮುಟ್ಟಿತು. ಅದು ಯಶೋದಮ್ಮನದೇ ಧ್ವನಿ. ಅಲ್ಲಿಗೆ ಮುಗಿಯಿತು.

"ಇಷ್ಟೇನಾ?" ಎಂದರು ಅವರು.

"ಇಷ್ಟೇ ಕನಕ್ಕ. ಮಿಕ್ಕಿದ್ದು ಓಯ್ತು. ಡಿಸ್ಕ್ನ ಆಗಾಗ ಬ್ಯಾರೆ ಕಂಪ್ಯೂಟ್ರಿಗಾಕಿ ನೋಡ್ಬೇಕಿತ್ತಂತೆ. ನಾನು ನೋಡ್ನಿಲ್ಲ. ತಪ್ಪು ನಂದು."

ಯಶೋದಮ್ಮ ಅವನನ್ನು ಬೈಯಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲ ತನಕ ಹೋಗಿ ನಿಂತರು. ಕುಂಕುಮ ಹಚ್ಚಿದ ಚೀಟಿಯನ್ನು ನೋಡಿದರು, ಅವನನ್ನು ನೋಡಿದರು, ನನ್ನನ್ನೂ ನೋಡಿದರು.

"ನೀನೇನೋ ಓದಿಲ್ಲ, ಸರಿ. ಇಂಗ್ ಮಾಡ್ಬೇಕು ಕನಪ್ಪ ಅಂತ ನಿಂಗೆ ಯೋಳೋರು ಯಾರೂ ಇರ್ನಿಲ್ವಾ?"

"ಯಾರೂ ಇರ್ನಿಲ್ಲ ಕನಕ್ಕ," ಎಂದ ಕೆಂಪರಾಜು.

ನನ್ನ ಕೈಯಲ್ಲಿ ಅವನು ತರಿಸಿಕೊಟ್ಟ ಟೀ ಇತ್ತು. ನಾನು ಅದನ್ನು ಕುಡಿದೆ.