ಜೆಡ್ ಡ್ರೈವ್ ಮೇಲಿನ ಕೆಂಪು ಗುರುತು

ಬಸುರಿನ ಐದನೇ ತಿಂಗಳಲ್ಲಿ ಮಗು ಹೋದ ಮೇಲೆ ಮೂರು ವಾರ ಮನೆಯಲ್ಲಿದ್ದೆ. ನಾಲ್ಕನೇ ವಾರದ ಸೋಮವಾರ ಕೆಲಸಕ್ಕೆ ಹೊರಟೆ. ಇನ್ನೂ ಸ್ವಲ್ಪ ದಿನ ಇರು ಅಂತ ಅಮ್ಮ ಹೇಳಿದರು. ಮನೆಯಲ್ಲಿದ್ದು ಏನು ಮಾಡಬೇಕು ಅಂತ ನನಗೆ ತಿಳಿಯಲಿಲ್ಲ. ಸದ್ಯಕ್ಕೆ ಸ್ಕೂಟರ್ ಬೇಡ ಎಂದು ಡಾಕ್ಟರ್ ಹೇಳಿದ್ದರಿಂದ ಮೂಡಲಪಾಳ್ಯದಿಂದ ಅತ್ತಿಗುಪ್ಪೆವರೆಗೆ ಆಟೋ, ಅಲ್ಲಿಂದ ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಇಳಿದು ಮತ್ತೊಂದು ಮೆಟ್ರೋ. ಅಷ್ಟು ಸುತ್ತಿ ರಾಜಾಜಿನಗರ ತಲುಪಿದೆ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಏನು ನೋಡಿದೆ ಅಂತ ಕೇಳಿದರೆ ಈಗಲೂ ಹೇಳಲಾರೆ.

ನಾನಿದ್ದದ್ದು ಗೇರ್ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ. ಪತ್ರ, ಇಮೇಲ್, ಆರ್ಡರ್ ನೋಡಿಕೊಳ್ಳುವುದು ನನ್ನ ಕೆಲಸ. ಕಂಪ್ಯೂಟರ್ ರಿಪೇರಿಯನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ. ಒಂದು ಸಲ ಪ್ರಿಂಟರ್ ಸರಿಮಾಡಿದ್ದೆ, ಅದಾದ ಮೇಲೆ ಎಲ್ಲ ನನ್ನ ತಲೆಗೇ ಬಂತು.

ಒಳಗೆ ಹೋದ ತಕ್ಷಣ ಒಬ್ಬೊಬ್ಬರಾಗಿ ಹುಷಾರಾದ್ರಾ ಅಂತ ವಿಚಾರಿಸಿದರು, ಜ್ವರ ಬಂದು ವಾಸಿಯಾದವರನ್ನು ವಿಚಾರಿಸುವ ಹಾಗೆ. ಹುಷಾರಾದೆ ಅಂದೆ. ಓನರ್ ರೂಮಿನಿಂದ ಹೊರಗೆ ಬಂದರು, ನನ್ನ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಊಟ ತಿಂಡಿ ಸರಿಯಾಗಿ ಮಾಡಮ್ಮ ಅಂದರು. ಸ್ವಲ್ಪ ತಡೆದು, ಹತ್ತು ದಿನದಿಂದ ಜೆಡ್ ಡ್ರೈವ್ ಬರ್ತಿಲ್ಲ ಅಂದರು. ಅದನ್ನು ಹೇಳುವಾಗ ಅವರ ದನಿ ಹಗುರಾಗಿತ್ತು.

ಗೇರುಗಳ ಡ್ರಾಯಿಂಗ್ ಎಲ್ಲ ಮೇನ್ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಇರುತ್ತಿದ್ದವು. ಉಳಿದ ಮೂರು ಕಂಪ್ಯೂಟರುಗಳಲ್ಲಿ ಅದೇ ಫೋಲ್ಡರ್ ಜೆಡ್ ಡ್ರೈವ್ ಅಂತ ಕಾಣುವ ಹಾಗೆ ವರ್ಷಗಳ ಹಿಂದೆ ಯಾರೋ ಜೋಡಿಸಿದ್ದರು. ನಾನಿಲ್ಲದಾಗ ಮೇನ್ ಕಂಪ್ಯೂಟರ್ ಕೆಟ್ಟು, ಓನರ್ ಹೊಸದು ತಂದಿದ್ದರು. ಅಂಗಡಿಯವನು ಹಳೇ ಫೈಲುಗಳನ್ನು ಅದಕ್ಕೆ ತುಂಬಿಸಿ ಹೊರಟುಹೋದ. ಅವತ್ತಿನಿಂದ ಮೂರೂ ಹಳೇ ಕಂಪ್ಯೂಟರುಗಳಲ್ಲಿ ಜೆಡ್ ಡ್ರೈವ್ ಮೇಲೆ ಕೆಂಪು ಇಂಟು ಗುರುತು. ಎಲ್ಲರೂ ಪೆನ್‌ಡ್ರೈವ್ ಹಿಡಿದುಕೊಂಡು ಆಚೀಚೆ ಓಡಾಡಿದರೇ ಹೊರತು, ಬೇರೆ ಯಾರನ್ನೂ ಕರೆಸಿರಲಿಲ್ಲ. ನಾನು ಬರಲಿ ಅಂತ ಕಾದಿದ್ದರು.

ಮೊದಲು ನನ್ನದೇ ಕಂಪ್ಯೂಟರ್ ನೋಡಿದೆ. ವೈರು ಸರಿಯಾಗಿತ್ತು, ಹೊಸ ಕಂಪ್ಯೂಟರಿಗೆ ಸಿಗ್ನಲ್ ಕಳಿಸಿದರೆ ಉತ್ತರ ಬರುತ್ತಿತ್ತು. ಆದರೂ ಡ್ರೈವ್ ತೆರೆಯುತ್ತಿರಲಿಲ್ಲ. ಹೊಸ ಕಂಪ್ಯೂಟರಿಗೆ ಅಂಗಡಿಯವನು ಬೇರೆ ಹೆಸರು ಕೊಟ್ಟಿದ್ದ, ನಮ್ಮವು ಇನ್ನೂ ಹಳೇ ಹೆಸರನ್ನೇ ಹುಡುಕುತ್ತಿದ್ದವು. ಹಳೇ ಜೋಡಣೆ ತೆಗೆದು, ಹೊಸ ಹೆಸರು ಹಾಕಿ, ಕಂಪ್ಯೂಟರ್ ನೆನಪಿಟ್ಟುಕೊಂಡಿದ್ದ ಹಳೇ ಪಾಸ್‌ವರ್ಡ್ ಅಳಿಸಿ ಹೊಸದು ಕೊಟ್ಟೆ. ಬಂತು. ನನಗೆ ಖುಷಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಎದ್ದು ಮುಂದಿನದಕ್ಕೆ ಹೋದೆ.

ಅದು ಡ್ರಾಯಿಂಗ್ ಮಾಡುವ ಸಾರ್ ಅವರದು. ಅರವತ್ತು ದಾಟಿದವರು, ಕೆಂಗೇರಿಯ ಹಳೇ ಊರಿನವರು. ಮಾತು ಕಡಿಮೆ. ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿನಲ್ಲಿ ಕೂತರು. ಆ ಕಂಪ್ಯೂಟರ್ ಒಂದು ಕಿಟಕಿ ತೆರೆಯಬೇಕಾದರೂ ನಿಮಿಷಗಟ್ಟಲೆ ತೊಗೊಳ್ಳುತ್ತಿತ್ತು. ಇಬ್ಬರೂ ಪರದೆ ನೋಡುತ್ತಾ ಸುಮ್ಮನೆ ಕಾಯುತ್ತಿದ್ದೆವು. ಹಾಗೆ ಕಾಯುವಾಗ ಅವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಯಾವ ಮಗು ಅಮ್ಮಾ?"

ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಬರೆದಿತ್ತು, ನಾನು ಓದಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ.

"ಹೆಣ್ಣು," ಅಂದೆ.

ಅವರು ಹೂಂ ಅಂದರು. ಆಮೇಲೆ, "ನಮ್ದೂ ಒಂದು ಹೋಗಿತ್ತು. ಗಂಡು. ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ," ಅಂದರು.

ಅಷ್ಟರಲ್ಲಿ ಪರದೆ ಪಾಸ್‌ವರ್ಡ್ ಕೇಳಿತು. ಟೈಪ್ ಮಾಡಿದೆ, ಒಂದಕ್ಷರ ತಪ್ಪಿತು, ಮತ್ತೆ ಮಾಡಿದೆ. ಇಲ್ಲಿ ನನಗೆ ಅಳು ಬರಬೇಕಲ್ಲ ಅನ್ನಿಸಿತು. ಬರಲಿಲ್ಲ. ಫೋಲ್ಡರ್ ತೆರೆಯಿತು, ಅವರು ತಮ್ಮ ಡ್ರಾಯಿಂಗುಗಳನ್ನು ಬೆರಳಲ್ಲಿ ತೋರಿಸುತ್ತಾ ಎಲ್ಲ ಇದಾವೆ ಅಂದರು.

ಮೂರನೆಯದು ಶೆಡ್ಡಿನಲ್ಲಿ, ಕಟಿಂಗ್ ಮೆಷಿನ್ನಿಗೆ ಜೋಡಿಸಿದ್ದು. ಎಲ್ಲಕ್ಕಿಂತ ಹಳೆಯದು. ಕೀಬೋರ್ಡಿನ ಮೇಲೆ ಎಣ್ಣೆ ಕೂತು ಅಕ್ಷರಗಳೇ ಕಾಣುತ್ತಿರಲಿಲ್ಲ. ಊಟ ಮುಗಿಸಿ ಅದರ ಮುಂದೆ ಕೂತವಳು ನಾಲ್ಕು ಗಂಟೆಯಾದರೂ ಏಳಲಿಲ್ಲ. ಹೆಸರು ಸರಿ, ಪಾಸ್‌ವರ್ಡ್ ಸರಿ, ಆದರೂ ದಾರಿ ಸಿಗುತ್ತಿಲ್ಲ ಅನ್ನುವ ಒಂದೇ ಉತ್ತರ. ಕೊನೆಗೆ ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು. ಇಷ್ಟು ಹಳೇ ಕಂಪ್ಯೂಟರುಗಳು ಫೈಲು ಕೇಳುವ ರೀತಿಯನ್ನು ಹೊಸವುಗಳಲ್ಲಿ ಮುಚ್ಚಿಬಿಟ್ಟಿರುತ್ತಾರಂತೆ, ವೈರಸ್ ಭಯಕ್ಕೆ. ಅದನ್ನು ತೆರೆಯಬಹುದು ಅಂತಲೂ ಬರೆದಿತ್ತು, ತೆರೆಯಬೇಡಿ ಅಂತಲೂ ಬರೆದಿತ್ತು. ನಾನು ತೆರೆಯಲಿಲ್ಲ. ಡ್ರಾಯಿಂಗ್ ಸಾರ್ ಕಂಪ್ಯೂಟರ್ ಅಷ್ಟು ಹೊಸದೂ ಅಲ್ಲ, ಇಷ್ಟು ಹಳೆಯದೂ ಅಲ್ಲ, ಎರಡರ ಜೊತೆಗೂ ಹೊಂದಿಕೊಳ್ಳುತ್ತಿತ್ತು. ಅದರಲ್ಲೊಂದು ಫೋಲ್ಡರ್ ಮಾಡಿ, ಶೆಡ್ಡಿನದಕ್ಕೆ ಅದನ್ನೇ ಜೆಡ್ ಡ್ರೈವ್ ಮಾಡಿದೆ. ಕತ್ತರಿಸಬೇಕಾದ ಡ್ರಾಯಿಂಗನ್ನು ಸಾರ್ ದಿನಾ ಬೆಳಿಗ್ಗೆ ಅಲ್ಲಿಗೆ ಕಾಪಿ ಮಾಡಿದರೆ ಸಾಕು. ಅವರು ಒಪ್ಪಿದರು. ಮೆಷಿನ್ ನಡೆಸುವ ಅಣ್ಣ ಒಂದು ಫೈಲು ತೆಗೆದು ನೋಡಿ, ಸದ್ಯ ಮೇಡಂ, ಪೆನ್‌ಡ್ರೈವ್ ತಪ್ಪಿತು ಅಂದ.

ಸಂಜೆ ಅತ್ತಿಗುಪ್ಪೆ ಸ್ಟೇಷನ್ ಕೆಳಗೆ ನಮ್ಮ ಮನೆಯವರು ಕಾಯುತ್ತಿದ್ದರು. ಆಟೋ ಹತ್ತಿದೆವು. ಹೆಂಗಿತ್ತು ಇವತ್ತು ಅಂತ ಕೇಳಿದರು. ಡ್ರೈವ್ ಕತೆಯನ್ನೆಲ್ಲ ಹೇಳಿದೆ, ಬೇಕಾಗಿದ್ದಕ್ಕಿಂತ ಜಾಸ್ತಿಯೇ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಆಮೇಲೆ ಹೇಳಿದೆ.

"ಡ್ರಾಯಿಂಗ್ ಸಾರ್ ಕೇಳಿದ್ರು, ಯಾವ ಮಗು ಅಂತ."

"ಏನಂದೆ?"

"ಹೆಣ್ಣು ಅಂದೆ."

ಆಟೋ ನಮ್ಮ ಕ್ರಾಸ್ ದಾಟಿ ಮುಂದೆ ಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅಲ್ಲೇ ಇಳಿದು ವಾಪಸ್ ನಡೆದೆವು. ಮನೆಯ ಮೆಟ್ಟಿಲ ಮೇಲೆ ಶೂ ಬಿಚ್ಚಲು ಕೂತವರು ಒಂದೇ ಶೂ ಬಿಚ್ಚಿ ಹಾಗೇ ಕೂತುಬಿಟ್ಟರು. ಅಳುತ್ತಿದ್ದಾರೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಬ್ಯಾಗು ಕೆಳಗಿಟ್ಟು ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈ ಇಟ್ಟೆ. ಕೈಗೆ ಶರ್ಟಿನ ಬೆವರು ತಾಗಿದ್ದು ಬಿಟ್ಟರೆ ಇನ್ನೇನೂ ತಿಳಿಯಲಿಲ್ಲ.

ನನಗೆ ಅಳು ಬಂದಿದ್ದು ಅದಾಗಿ ಎಷ್ಟೋ ದಿನದ ಮೇಲೆ, ಗ್ಯಾಸ್ ತಂದವನು ಎರಡನೇ ಮಹಡಿಗೆ ಸಿಲಿಂಡರ್ ಹೊರಲ್ಲ ಅಂದಾಗ. ಅವನು ಗಾಬರಿಯಾಗಿ, ಅಳ್ಬೇಡಿ ಅಕ್ಕ, ತರ್ತೀನಿ ಅಂತ ಹೊತ್ತು ತಂದು ಅಡುಗೆಮನೆಯಲ್ಲಿ ಇಟ್ಟು ಹೋದ.