ಕಜ್ಜಾಯ ತಂದ ಕವರ್

ಗೌರಕ್ಕ, ಆ ಕವರ್ ನನ್ನದು. ನಿನ್ನದು ಎಂದು ನಾನು ಹೇಳಿದ್ದು ಸುಳ್ಳು.

ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಬರೆದ ಮೇಲೂ ಬಾಯಲ್ಲಿ ಅದೇ ರುಚಿ ಇದೆ — ಹಸಿ ಹೊಗೆಸೊಪ್ಪಿನ ಅಂಟು ಹತ್ತಿದ ಬೆರಳನ್ನು ಮರೆತು ಬಾಯಿಗಿಟ್ಟಾಗ ಬರುವ ಕಹಿ.

ಕಳೆದ ವಾರ ಹುಣಸೂರಿನ ಈ ಮನೆಯಲ್ಲಿ ಬಾಗಿಲ ಹಿಂದಿನ ಗಂಟು ಬಿಚ್ಚಿದೆ. ಕವರ್‌ಗಳನ್ನು ತುಂಬಿಟ್ಟ ದೊಡ್ಡ ಕವರ್ ಅದು. ಊರಿನಿಂದ ಬರುವಾಗ ಅದನ್ನೂ ತಂದಿದ್ದೆ. ನಾನು ಕವರ್ ಬಿಸಾಡುವವಳಲ್ಲ. ತೊಳೆದು, ಒಳಮೈ ಹೊರಗೆ ಮಾಡಿ ತಂತಿಗೆ ಹಾಕಿ, ಮಡಚಿ ಇಡುವವಳು. ಮೀನಿನ ಕವರ್, ಸೀರೆಯಂಗಡಿ ಕವರ್, ಯಾರೋ ಬಾಳೆಹಣ್ಣು ತಂದ ಕವರ್. ಅಚ್ಚುಕಟ್ಟಿನ ಸೊಸೆ ಎಂದು ಹೊಗಳಿಸಿಕೊಂಡಿದ್ದೇನೆ. ಗಂಟು ಬಿಚ್ಚಿದರೆ ಎಲ್ಲ ಪುಡಿಯಾಗಿದ್ದವು. ಸುಟ್ಟ ಚರ್ಮ ಸುಲಿದ ಹಾಗೆ ಹಕ್ಕಳೆ ಹಕ್ಕಳೆಯಾಗಿ ಕೈಗೆ, ಮೊಣಕೈಗೆ ಅಂಟಿದವು. ಸೋಪು ಹಾಕಿ ಉಜ್ಜಿದೆ. ಇನ್ನೂ ಅಂಟಿಕೊಂಡೇ ಇವೆ ಅನಿಸುತ್ತದೆ. ಆ ಪುಡಿಯಲ್ಲಿ ಹಸಿರು ಬಣ್ಣದ್ದೂ ಇತ್ತು.

ಕಜ್ಜಾಯ ತಂದದ್ದು ಹಸಿರು ಕವರೇ? ನೆನಪಿನಲ್ಲಿ ಕೆಲವು ಸಲ ನೀಲಿ. ನೆನಪನ್ನು ನಾನು ನಂಬುವುದಿಲ್ಲ, ಅದು ಯಾವಾಗಲೂ ನನಗೆ ಅನುಕೂಲವಾಗುವ ಕಡೆಗೇ ಬಣ್ಣ ಬದಲಿಸುತ್ತದೆ. ಅಂಟು ಮಾತ್ರ ನಿಜ.

ಪಿತೃಪಕ್ಷದ ದಿನ ಅದು. ಹೊಗೆಸೊಪ್ಪು ಹದ ಮಾಡುವ ನಮ್ಮ ಬ್ಯಾರನ್‌ನಲ್ಲಿ ಸೊಪ್ಪು ಬೇಯುತ್ತಿತ್ತು, ಬೆಂಕಿ ಬಿಟ್ಟು ಕದಲುವ ಹಾಗಿರಲಿಲ್ಲ. ಪಕ್ಕದ ಮನೆಯವಳು ನೀನು — ಊರಲ್ಲಿ ಯಾರ ಮನೆ ಮದುವೆಯಾದರೂ ಎಣ್ಣೆ ಬಾಣಲೆಯ ಮುಂದೆ ಕೂರುತ್ತಿದ್ದವಳು. "ನೀವು ಬ್ಯಾರನ್ ನೋಡ್ಕಳಿ, ನಿಮ್ಮನೆ ಎಡೆಗೂ ಕಜ್ಜಾಯ ನಾನೇ ಹಾಕ್ಕೊಡ್ತೀನಿ ಬುಡು" ಅಂದೆ.

ಹೊಲದಲ್ಲಿ ಸೊಪ್ಪು ಮುರಿಯುವಾಗ ನಾವು ಕೈಗೆ ಕವರ್ ಕಟ್ಟಿಕೊಳ್ಳುತ್ತಿದ್ದೆವು. ಇಲ್ಲದಿದ್ದರೆ ಕಪ್ಪು ಅಂಟು ಹಿಡಿದು ಅನ್ನ ಕಲಸಲೂ ಆಗದು. ಆ ಕವರ್‌ಗಳು ಬ್ಯಾರನ್ ಕಂಬಕ್ಕೆ ನೇತಾಡುತ್ತಿದ್ದವು. ಮನೆಯಲ್ಲಿ ಬಾಗಿಲ ಹಿಂದೆ ಒಳ್ಳೆಯ ಕವರ್‌ಗಳು ಎಷ್ಟೋ ಇದ್ದವು. ಆದರೆ ಕಜ್ಜಾಯದ ಎಣ್ಣೆ ಹತ್ತಿದರೆ ಒಳ್ಳೆಯ ಕವರ್ ಹಾಳು — ಹೀಗೇ ಯೋಚಿಸಿದ್ದು, ಇದರಲ್ಲಿ ಅನುಮಾನವಿಲ್ಲ. ಹೇಗೂ ಹಾಳಾದದ್ದೇ ಸಾಕು ಎಂದು ಕಂಬದಿಂದ ಒಂದನ್ನು ಕಿತ್ತುಕೊಂಡು ನಿನ್ನ ಮನೆಗೆ ಬಂದೆ. ತೊಳೆದಿದ್ದೆ. ತೊಳೆದಿದ್ದೆನೇ? ನೀರಲ್ಲಿ ಒಮ್ಮೆ ಅದ್ದಿರಬೇಕು.

ನೀನು ಮೂಗು ಸಿಂಡರಿಸಿದೆ. "ಏನವ್ವ ಇದು, ಹೊಗೆಸೊಪ್ಪಿನ ನಾತ ಹೊಡೀತದೆ?"

"ನನ್ನ ಕೈ ವಾಸ್ನೆ ಕಣಕ್ಕ."

"ತಪ್ಪಲೆ ಕೊಡ್ತೀನಿ ಇರು."

"ಅಯ್ಯೋ ಬುಡಕ್ಕ, ತಿರ್ಗ ತಪ್ಪಲೆ ತಂದ್ಕೊಡೋರ್ಯಾರು!"

ನೀನು ನಕ್ಕೆ. ಬಿಸಿ ಕಜ್ಜಾಯ ಆ ಕವರಿಗೆ ಬಿತ್ತು. ಪ್ಲಾಸ್ಟಿಕ್ಕು ಮೆತ್ತಗಾಗಿ ತಳಕ್ಕೆ ಅಂಟಿದ್ದು ಕಂಡಿದ್ದೇನೆ. ಕಂಡೂ ಗಂಟು ಹಾಕಿದೆ.

ಎಡೆಗೆ ಇಟ್ಟದ್ದು ಮೇಲಿನವು. ತಳದವನ್ನು ಮಾರನೆಯ ದಿನದಿಂದ ನನ್ನ ಅತ್ತೆ ತಿಂದರು. ವಾಂತಿ. ತಲೆ ಸುತ್ತು, ಬೆವರು, ಮತ್ತೆ ವಾಂತಿ. ಬೆಟ್ಟದಪುರದಲ್ಲಿ ಸೂಜಿ ಹಾಕಿಸಿದೆವು, ಸರಿಹೋದರು. ಬಂದು ಬಾಯಿ ಕೆಟ್ಟಿದೆ ಎಂದು ಮತ್ತೆ ಕಜ್ಜಾಯ ತಿಂದರು, ಮತ್ತೆ ವಾಂತಿ. ಡಾಕ್ಟರಿಗೆ ಬಗ್ಗದ ಕಾಯಿಲೆ, ಯಾರೋ ಮದ್ದಿಕ್ಕಿದ್ದಾರೆ ಎಂದು ಮನೆಯಲ್ಲಿ ಮಾತಾಯಿತು. ಊಟದಲ್ಲಿ ಕದ್ದು ಬೆರೆಸಿದ್ದು ಹೊಟ್ಟೆಯಲ್ಲಿ ಗಂಟು ಕಟ್ಟಿ ಕೂರುತ್ತದೆ ಎಂದು ನಮ್ಮಲ್ಲಿ ನಂಬುತ್ತಾರಲ್ಲ, ಅದು.

ಅದನ್ನು ತೆಗೆಯುವವನು ಎಚ್.ಡಿ. ಕೋಟೆ ಕಡೆ ಒಂದು ಊರಲ್ಲಿದ್ದ. ಅತ್ತೆಗೆ ಎಂಥದೋ ಸೊಪ್ಪಿನ ರಸ ಕುಡಿಸಿದ. ವಾಂತಿಗೆ ಬೋಸಿ ಹಿಡಿದವಳು ನಾನು. ಹಳದಿ ನೊರೆ, ಲೋಳೆ, ಅದರ ನಡುವೆ ಕರ್ರಗಿನ ಒಂದು ಮುದ್ದೆ. ನನ್ನ ಹೆಬ್ಬೆರಳು ಬೋಸಿಯ ಅಂಚಿನ ಒಳಗಿತ್ತು, ಬೆಚ್ಚಗೆ ತಾಕಿತು. ಅವನು ಕಡ್ಡಿಯಲ್ಲಿ ಮುದ್ದೆಯನ್ನು ಎತ್ತಿ ತೋರಿಸಿದ. "ಇದೇ. ಯಾರ ಮನೇಲಿ ಏನು ತಿಂದ್ರಿ?"

"ಗೌರಿ ಹಾಕಿದ್ ಕಜ್ಜಾಯ ಸ್ವಾಮಿ" ಅಂದರು ಅತ್ತೆ. ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಯಾವುದ್ರಲ್ಲಿ ತಂದೆ ನೀನು?"

ಆಗ ಹೇಳಬಹುದಿತ್ತು. ಬೋಸಿ ಕೈಯಲ್ಲಿತ್ತು, ವಾಸನೆ ಮೂಗಿನಲ್ಲಿತ್ತು, ಅದು ಬ್ಯಾರನ್ ಕಂಬದ ಹೊಗೆಸೊಪ್ಪಿನ ವಾಸನೆ ಎಂದು ನನಗೆ ಗೊತ್ತಿತ್ತು. ನಾನು ಅಂದೆ — "ಕವರ್ರೂ ಅವರದ್ದೇ ಕಣತ್ತೆ."

ಹೆದರಿದ್ದೆ ಎಂದು ಬರೆದು ಹೊಡೆದುಹಾಕಿದ್ದೇನೆ. ಹೆದರಿಕೆ ಆಮೇಲೆ ಸೇರಿಸಿಕೊಂಡದ್ದು. ಆ ಹೊತ್ತಿಗೆ ಸುಳ್ಳು ಸಲೀಸಾಗಿ ಬಂತು, ಅಷ್ಟೇ.

ಮನೆಗೆ ಬಂದು ಅತ್ತೆ ಆ ಕವರನ್ನು ಸುಟ್ಟುಹಾಕು ಅಂದರು. ಉಳಿದ ಕಜ್ಜಾಯವನ್ನು ತಿಪ್ಪೆಯಲ್ಲಿ ಹೂತು, ಕವರನ್ನು ತೊಳೆದೆ. ಕಂದು ನೀರು ಇಳಿಯಿತು. ಮಡಿಕೆಯಲ್ಲಿ ಕಪ್ಪು ಅಂಟು, ಉಗುರಲ್ಲಿ ಕೆರೆದೆ. ತಂತಿಗೆ ಹಾಕಿ, ಒಣಗಿಸಿ, ಮಡಚಿ ಇಟ್ಟೆ. ಆಮೇಲೆ ಅದರಲ್ಲಿ ಏನೇನು ತುಂಬಿದೆನೋ. ಮಗಳ ಒದ್ದೆ ಬಟ್ಟೆ, ತಲೆಗೆ ಎಣ್ಣೆ ಹಚ್ಚಿದಾಗ ನನ್ನ ಕೂದಲು... ಬಿಸಾಡಿದ್ದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತಿತ್ತೋ ಏನೋ.

ಮದ್ದಿನ ಮಾತು ಊರೆಲ್ಲ ಹಬ್ಬಿದಾಗ ನೀನು ಬೀದಿಯಲ್ಲಿ ನಿಂತು ಕೂಗಿದ್ದು ನೆನಪಿದೆ. "ಕವರ್ ತಂದೋಳು ಅವಳೇ ಕಣ್ರಮ್ಮ! ಅಲ್ಲೇ ನಿಂತವ್ಳಲ್ಲ, ಕೇಳಿ ಬೇಕಾರೆ!" ನಾನು ಬಟ್ಟೆ ಒಣಹಾಕುತ್ತಿದ್ದೆ. ಒಣಹಾಕುತ್ತಲೇ ಇದ್ದೆ.

ಆಮೇಲೆ ಬಾಣಲೆಯ ಮುಂದೆ ನಿನ್ನನ್ನು ಯಾರೂ ಕೂರಿಸಲಿಲ್ಲ. ನಿನ್ನ ಮಗಳ ಮದುವೆಗೆ ಊರೆಲ್ಲ ಬಂತು, ಪಂಕ್ತಿಯಲ್ಲಿ ಕೂತಿತು. ನೀನೇ ಬಡಿಸಿದೆ. ನಮ್ಮೂರಿನವರು ಅನ್ನ ಕೆದಕಿ, ಎಲೆ ಮಡಚಿ ಎದ್ದರು. ಬೀಗರ ಕಡೆಯವರು ಕಣ್ಣು ಬಿಟ್ಟು ನೋಡುತ್ತಿದ್ದರು. ಗೌರಕ್ಕ, ನಾನೂ ಮಡಚಿದೆ. ಆ ಊಟದಲ್ಲಿ ಏನೂ ಇಲ್ಲ ಎಂದು ಆ ಪಂಕ್ತಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹಸಿವಾಗಿತ್ತು. ತುಂಬಿದ ಎಲೆಯನ್ನು ಮಡಚಿದೆ. ಸುಳ್ಳಿಗಿಂತ, ಬೋಸಿಗಿಂತ, ಇದು ನೆನಪಾದಾಗ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

ಮೊನ್ನೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ. ನೀನು ಮಗಳ ಮನೆಗೆ ಕೆ.ಆರ್. ನಗರಕ್ಕೆ ಹೊರಟಿದ್ದೆ. ಮಡಿಲಲ್ಲಿ ಬಟ್ಟೆ ಚೀಲ, ಅದರಿಂದ ಬೆಲ್ಲ ಏಲಕ್ಕಿಯ ಘಮ. ನಾನು ಪಕ್ಕದಲ್ಲಿ ಕೂತೆ. ದಾರಿಯಲ್ಲಿ ಹೋಗುವವರನ್ನೂ ಕರೆದು ತಿನ್ನಿಸುತ್ತಿದ್ದವಳು ನೀನು, ಚೀಲವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡೆ.

"ಮೊಮ್ಮಗೀಗೆ ಮಾಡ್ಕಂಡ್ ಹೋಯ್ತಾವ್ನಿ. ನಿಂಗೆ ಕೊಡಾಕಿಲ್ಲ ಕಣವ್ವ, ಬೇಜಾರ್ ಮಾಡ್ಕಬ್ಯಾಡ" ಅಂದೆ. ಚೀಲದ ಬಾಯಿ ಬಿಗಿದುಕೊಂಡು, "ಊರೋರ್ಗೆ ಕೊಡೋ ಅಭ್ಯಾಸ ತಪ್ಪೋಗದೆ."

ಬಸ್ಸು ಬಂತು. ನಾನು ಏನೋ ಅಂದೆ. ಹುಷಾರು ಎಂದೋ, ಬಿಸಿಲು ಎಂದೋ.

ಅತ್ತೆ ಊರಲ್ಲಿ ಇನ್ನೂ ಗಟ್ಟಿಯಾಗಿದ್ದಾರೆ. ಗೌರಿ ಮದ್ದಿಕ್ಕಿದ ಕಥೆಯನ್ನು ಮರಿಮಕ್ಕಳಿಗೂ ಹೇಳುತ್ತಾರೆ. ಈ ಪಿತೃಪಕ್ಷಕ್ಕೆ ಊರಿಗೆ ಹೋಗುತ್ತೇನೆ. ಮೊದಲು ಅವರಿಗೆ, ನಮ್ಮ ಕೇರಿಯ ಹೆಂಗಸರೆಲ್ಲ ಇರುವಾಗ, ಕವರ್ ಯಾರದು ಎಂದು ಹೇಳುತ್ತೇನೆ. ಅವರು ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಆಮೇಲೆ ಬೀದಿಗಿಳಿದು ಪಕ್ಕದ ನಿನ್ನ ಬಾಗಿಲಿಗೆ ಬರುತ್ತೇನೆ.

ಕಜ್ಜಾಯ ಕೇಳುತ್ತಾ ತಪ್ಪಲೆ ಹಿಡಿದು ಬರುತ್ತೇನೆ. ಬರಿದಾಗಿಯೇ ವಾಪಸು ಕಳಿಸು, ಎಲ್ಲರೂ ನೋಡಲಿ.